ಕಣ್ಣಿನ ಒಡಂಬಡಿಕೆ

ಇಪ್ಪತ್ತಮೂರನೆಯ ಪೆಟ್ಟಿಗೆ ದಾಟುವ ಹೊತ್ತಿಗೆ ವೆಂಡೆಲ್ ಪ್ರೌಟಿ ಬೈಬಲಿನ ಯಾಕೋಬನ ಪತ್ರಿಕೆಯ ಒಂದೇ ವಾಕ್ಯವನ್ನು ಹನ್ನೆರಡು ಸಲ ಹೇಳಿಯಾಗಿತ್ತು. ಸೈತಾನನನ್ನು ಎದುರಿಸಿ, ಅವನು ಓಡಿಹೋಗುತ್ತಾನೆ. ಹನ್ನೆರಡನೆಯ ಸಲಕ್ಕೆ ಮಾತಿನಿಂದ ಅರ್ಥವೆಲ್ಲ ಸೋರಿಹೋಗಿ ಬರೀ ತುಟಿಯ ಅಲ್ಲಾಟ ಉಳಿದಿತ್ತು. ಜಲ್ಲಿ ರಸ್ತೆಯ ಮೇಲೆ ಉರುಳುವ ಚಕ್ರದ ಸದ್ದಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಎಂದಿನಂತೆ ಅವನು ಕಾರಿನ ಮುಂದಿನ ಉದ್ದ ಸೀಟಿನ ನಟ್ಟನಡುವೆ ಕೂತು, ಎಡಗೈಯಲ್ಲಿ ಎಡಬದಿಯ ಸ್ಟೀರಿಂಗ್ ಹಿಡಿದು, ಎಡಗಾಲು ಚಾಚಿ ಬ್ರೇಕನ್ನೂ ವೇಗವನ್ನೂ ನಿಭಾಯಿಸುತ್ತ, ಬಲಗೈಯನ್ನು ಆಚೆ ಕಿಟಕಿಯಿಂದ ಹೊರಗೆ ಹಾಕಿ ರಸ್ತೆ ಬದಿಯ ಟಪಾಲು ಪೆಟ್ಟಿಗೆಗಳ ಬಾಯಿ ತೆರೆದು ಮುಚ್ಚುತ್ತಿದ್ದ. ಇಪ್ಪತ್ತಾರು ವರ್ಷ ಹೀಗೆ ಕೂತು ಅವನ ಬೆನ್ನು ಒಂದು ಕಡೆಗೆ ವಾಲಿಬಿಟ್ಟಿತ್ತು. ಚರ್ಚಿನಲ್ಲಿ ಹಾಡಲು ಎದ್ದು ನಿಂತರೆ ಪಕ್ಕದವರ ಗುಟ್ಟು ಕೇಳಿಸಿಕೊಳ್ಳಲು ಬಾಗಿದವನ ಹಾಗೆ ಕಾಣುತ್ತಿದ್ದ. ಹಾಗೆ ಯಾರಾದರೂ ಅಂದುಕೊಂಡಿರಬಹುದೇ ಎಂಬ ಭಯಕ್ಕೆ ಈಚೆಗೆ ಕೊನೆಯ ಬೆಂಚಿನಲ್ಲಿ, ಗೋಡೆಯ ಪಕ್ಕ ಕೂರತೊಡಗಿದ್ದ.

ಪಕ್ಕದ ಟ್ರೇಯಲ್ಲಿ ಐವತ್ತೆಂಟು ಮನೆಗಳ ಟಪಾಲಿನಲ್ಲಿ ಉಳಿದದ್ದು ಸಾಲಾಗಿ ನಿಂತಿತ್ತು. ಬೀಜದ ಕಂಪನಿಯ ಪಟ್ಟಿಗಳು, ಕರೆಂಟಿನ ಬಿಲ್ಲು, ಸ್ಯಾಂಡ್ರಾ ಎಂಬ ಹುಡುಗಿಗೆ ನೌಕಾಪಡೆಯವನೊಬ್ಬ ವಾರಕ್ಕೆರಡರಂತೆ ಬರೆಯುವ ದಪ್ಪ ಕಾಗದ. ಇವುಗಳ ನಡುವೆ ಒಂದು ನೀಲಿ ಲಕೋಟೆ. ಅದರ ಮೇಲೆ ಹಸಿರು ಶಾಯಿಯಲ್ಲಿ ಹುಲ್ಡಾ ಸ್ಟ್ರೋಬೆಲ್ ಅವರ ಹೆಸರು, ವಿಳಾಸ. ಬರೆದದ್ದು ಅವನೇ. ಒಂಬತ್ತು ಲಕೋಟೆ ಹಾಳುಮಾಡಿ ಹತ್ತನೆಯದರಲ್ಲಿ ಆ ಬಲಕ್ಕೆ ವಾಲಿದ ಅಕ್ಷರ, ಕಾಲೆಳೆಯುವ ‘ಎಸ್’ ಕೈಗೆ ಹತ್ತಿತ್ತು. ಹತ್ತಿದ ಗಳಿಗೆಯಲ್ಲಿ ತನಗೆ ಆದದ್ದು ಸಂತೋಷ ಎಂಬುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಬೇರೆಯವರಿಗೆಲ್ಲ ಅವರವರ ಶೋಧನೆಗೆ, ಪಾಪಕ್ಕೆ ಎಳೆಯುವ ಆಸೆಗೆ, ಹೆಸರಿತ್ತು. ಕುಡಿತ, ಹೆಣ್ಣು, ಜೂಜು, ಸಿಟ್ಟು. ಶನಿವಾರ ಬೆಳಿಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ಗಂಡಸರೆಲ್ಲ ಕೂತು ಪ್ಯಾನ್‌ಕೇಕ್ ತಿಂದಾದ ಮೇಲೆ ಒಬ್ಬೊಬ್ಬರೇ ತಮ್ಮ ವಾರದ ಹೋರಾಟವನ್ನು, ಅದರಲ್ಲಿ ಕೈಹಿಡಿದ ವಾಕ್ಯವನ್ನು ಹೇಳುವ ರೂಢಿ. ಟ್ರಾಕ್ಟರ್ ಮಾರುವ ಡ್ವೇನ್ ಹುಕ್ಸ್ಟ್ರಾ ಪ್ರತಿ ಸಲವೂ ಗೆದ್ದೇ ಬರುತ್ತಿದ್ದ. ಮೊನ್ನೆಯೂ ತಟ್ಟೆಯಲ್ಲಿ ಉಳಿದ ಪಾಕವನ್ನು ಬೆರಳಲ್ಲಿ ಒರೆಸುತ್ತ, “ಆ ಗಿರಾಕಿ ಬಾಯಿಗೆ ಬಂದಂಗೆ ಬೈದ್ನಪ್ಪಾ. ಎದ್ದು ಎರಡು ಬಿಡೋಣ ಅಂತ ಕೈ ಎತ್ತಿದ್ದೆ. ಜ್ಞಾನೋಕ್ತಿ ಹದಿನೈದು ಬಾಯಿಗೆ ಬಂತು ನೋಡು, ಮೃದುವಾದ ಉತ್ತರ ಸಿಟ್ಟನ್ನ ಆರಿಸುತ್ತೆ ಅಂತ! ಅವ್ನು ಹುಲ್ಲು ಕಟ್ಟೋ ಬೇಲರ್ ತಗೊಂಡೇ ಹೋದ” ಎಂದ. ಎಲ್ಲರೂ ನಕ್ಕರು. ಪಾದ್ರಿ ಗೇಲನ್ ಈ ಕೊನೆಗೆ ತಿರುಗಿ, “ವೆಂಡೆಲ್, ನೀವು ಏನೂ ಹೇಳೋದೇ ಇಲ್ಲ. ನಿಮಗೆ ಈ ವಾರ ಹೇಗಿತ್ತು?” ಎಂದು ಕೇಳಿದರು.

ಹೇಳಬಹುದಿತ್ತು. ಬಾಯಿ ತೆರೆದಿದ್ದ ಕೂಡ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಿ ಎಂಬ ಯಾಕೋಬನ ಮಾತು ಬಾಯಲ್ಲೇ ಇತ್ತು, ಎದುರಿಗೆ ಹದಿನಾಲ್ಕು ಮುಖಗಳಿದ್ದವು. ಆ ಹದಿನಾಲ್ಕರಲ್ಲಿ ಒಂಬತ್ತು ಮನೆಗೆ ತಾನೇ ಟಪಾಲು ಹಾಕುವವನು ಎಂದು ಹೊಳೆದದ್ದೇ ನಾಲಗೆ ಬೇರೆ ದಾರಿ ಹಿಡಿಯಿತು.

“ಹಣ್ಣಿನ ಪೈ,” ಎಂದ ವೆಂಡೆಲ್. “ಹೋಟೆಲಲ್ಲಿ ಎರಡನೇ ತುಂಡು ತಗೊಳ್ಳೋದು ಬಿಡೋಕಾಗ್ತಿಲ್ಲ.”

“ಸಿಹಿಯಾದ ಪಾಪ ಬಿಡಪ್ಪಾ,” ಎಂದ ಡ್ವೇನ್. “ಒಂಟಿ ಮನುಷ್ಯ, ಇನ್ನೇನು ಮಾಡ್ತೀಯ. ಸೆರಿ, ಯಾವ ವಾಕ್ಯ ಉಪಯೋಗ್ಸಿದೆ ಅದಕ್ಕೆ?”

ಯಾವುದೂ ನೆನಪಾಗಲಿಲ್ಲ. ಇನ್ನೂರು ವಾಕ್ಯ ಬಾಯಿಪಾಠವಿದ್ದವನಿಗೆ ಒಂದು ತುಂಡು ಪೈಗೆ ತಕ್ಕ ವಾಕ್ಯ ಹುಟ್ಟಲಿಲ್ಲ. ಪಾದ್ರಿ ನಗುನಗುತ್ತ ಅವನ ಪರವಾಗಿ ಒಂದನ್ನು ಹೇಳಿದರು. ಎಲ್ಲರೂ ತಲೆಬಾಗಿ ವೆಂಡೆಲ್ ಪ್ರೌಟಿಯ ಪೈ ಆಸೆಯನ್ನು ನೀಗಿಸೆಂದು ಪ್ರಾರ್ಥಿಸಿದರು, ಅವನೂ ಆಮೆನ್ ಎಂದ.

ಶುರುವಾದದ್ದು ಪೋಸ್ಟ್‌ಕಾರ್ಡುಗಳಿಂದ. ತೆರೆದ ಕಾಗದ, ಕಣ್ಣಿಗೆ ತಾನಾಗಿ ಬೀಳುವುದು, ಅದರಲ್ಲೇನು ತಪ್ಪು? ಇಲ್ಲಿ ಬಿಸಿಲು ಚೆನ್ನಾಗಿದೆ, ಅಪ್ಪನ ಮೊಣಕಾಲು ಹೇಗಿದೆ. ಹೆಂಡತಿ ಲವೋನ್ ಸೂಟ್‌ಕೇಸ್ ಹಿಡಿದು ಆರೆಗಾನ್‌ನ ತಂಗಿಯ ಮನೆಗೆಂದು ಹೋಗಿ ಅಲ್ಲೇ ಉಳಿದ ವರ್ಷದ ಚಳಿಗಾಲದಲ್ಲಿ ಅವನು ಪೋಸ್ಟ್‌ಕಾರ್ಡುಗಳನ್ನು ಓದಿ, ಮಧ್ಯಾಹ್ನ ಕಾರಿನಲ್ಲಿ ಸ್ಯಾಂಡ್‌ವಿಚ್ ತಿನ್ನುವಾಗ ಅವಕ್ಕೆ ಮನಸ್ಸಿನಲ್ಲೇ ಉತ್ತರ ಕೊಡತೊಡಗಿದ್ದ. ಮೊಣಕಾಲು ಪರವಾಗಿಲ್ಲ. ಇಲ್ಲಿ ಗಾಳಿ. ಲವೋನ್ ಹೋಗುವ ಮುಂಚೆ ಹೇಳಿದ್ದು ಒಂದೇ ಮಾತು: “ನೀನು ನನ್ನ ಜೊತೆ ಇದ್ದಾಗೆಲ್ಲಾ ಬೇರೆ ಯಾರದೋ ಮನೇಲಿ ಇದ್ದಂಗಿರ್ತೀಯ, ವೆಂಡೆಲ್.” ಆಮೇಲೆ ಲಕೋಟೆಗಳನ್ನು ಬೆಳಕಿಗೆ ಹಿಡಿಯುವುದು ಬಂತು. ಅದು ಬಂದ ದಿನವೇ ಅವನು ಯೋಬನ ಮಾತನ್ನು ಒಂದು ಕಾರ್ಡಿನ ಮೇಲೆ ಬರೆದು ಕಾರಿನ ಬಿಸಿಲುಮರೆಗೆ ಸಿಕ್ಕಿಸಿದ್ದ: ನನ್ನ ಕಣ್ಣುಗಳೊಡನೆ ಒಡಂಬಡಿಕೆ ಮಾಡಿಕೊಂಡಿದ್ದೇನೆ. ಯೋಬ ಹೇಳಿದ್ದು ಕನ್ಯೆಯರ ವಿಷಯ, ಟಪಾಲಿನದಲ್ಲ. ಆದರೂ ಕೆಲಸ ಮಾಡಿತು. ಆರು ವರ್ಷ ಮಾಡಿತು. ಪ್ರತಿ ಬಾರಿ ಕೈ ಲಕೋಟೆಯನ್ನು ಮೇಲಕ್ಕೆತ್ತಿದಾಗ ಅವನು ಆ ವಾಕ್ಯವನ್ನು ಜೋರಾಗಿ, ಖಾಲಿ ಗೋಧಿಹೊಲಗಳಿಗೆ ಕೇಳುವಂತೆ ಹೇಳುತ್ತಿದ್ದ, ಕೈ ಇಳಿಯುತ್ತಿತ್ತು.

ಹುಲ್ಡಾ ಸ್ಟ್ರೋಬೆಲ್ ಅವರಿಗೆ ಡುಲೂತ್ ಊರಿನಿಂದ ಕಾಗದ ಬರತೊಡಗಿದ್ದು ಎರಡು ವರ್ಷದ ಹಿಂದೆ. ಎಪ್ಪತ್ತೆಂಟರ ಮುದುಕಿ, ಒಣ ಹಳ್ಳದಾಚೆ ಒಬ್ಬರೇ ಇದ್ದರು. ಆ ಕಾಗದಗಳಿಗೆ ಉತ್ತರ ಹೋಗಿದ್ದನ್ನು ಅವನು ಕಂಡಿರಲಿಲ್ಲ. ಒಯ್ಯಲು ಕಾಗದವಿದೆ ಎಂದು ತಿಳಿಸಲು ಎತ್ತಿಡುವ ಪೆಟ್ಟಿಗೆಯ ಕೆಂಪು ಬಾವುಟ ಒಮ್ಮೆಯೂ ಮೇಲೆ ಎದ್ದಿರಲಿಲ್ಲ. ಯಾರೋ ಬರೆಯುತ್ತಾರೆ, ಬರೆಯುತ್ತಲೇ ಇರುತ್ತಾರೆ, ಉತ್ತರವಿಲ್ಲ. ಅದು ಅವನನ್ನು ನೌಕಾಪಡೆಯವನ ಪ್ರೇಮಪತ್ರಗಳಿಗಿಂತ ಹೆಚ್ಚು ಕಾಡಿತು. ಹೋದ ಮಂಗಳವಾರಕ್ಕೆ ಹಿಂದಿನ ಮಂಗಳವಾರ, ಆರನೇ ತಾರೀಖು, ಹನ್ನೊಂದನೆಯ ಕಾಗದ ಬಂದಾಗ ಅದರ ಒಂದು ಮೂಲೆ ಅಂಟದೆ ಕಿರುಬೆರಳು ಹೋಗುವಷ್ಟು ಎದ್ದುಕೊಂಡಿತ್ತು. ಅವನು ಯೋಬನನ್ನು ಹೇಳಿದ. ಅಷ್ಟರಲ್ಲಿ ಇನ್ನೊಂದು ವಾಕ್ಯ, ಅವನೇ ಕಲಿತದ್ದು, ಅವನದೇ ದನಿಯಲ್ಲಿ ಒಳಗಿನಿಂದ ಬಂತು: ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ. ಭಾರ ಏನೆಂದು ಗೊತ್ತಿಲ್ಲದೆ ಹೊರುವುದು ಹೇಗೆ? ಆ ಮುದುಕಿಗೆ ಏನೋ ಕಷ್ಟವಿರಬಹುದು, ತಿಳಿದರೆ ಸಹಾಯ ಮಾಡಬಹುದು. ಅರಣ್ಯದಲ್ಲಿ ಯೇಸುವಿನ ಎದುರು ನಿಂತ ಸೈತಾನನೂ ಹೀಗೇ, ಶಾಸ್ತ್ರದಲ್ಲಿ ಬರೆದಿದೆಯಲ್ಲಾ ಎಂದೇ ಮಾತು ತೆಗೆದಿದ್ದ ಎನ್ನುವುದು ವೆಂಡೆಲ್‌ಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು, ನೆನಪಾಗುತ್ತಿರುವಾಗಲೇ ಕಾಗದ ಸೀಟಿನ ಕೆಳಗೆ ಸೇರಿತ್ತು. ಮಧ್ಯಾಹ್ನ ಮೂರಕ್ಕೆ ಅಡುಗೆಮನೆಯ ಮೇಜಿನ ಮುಂದೆ, ಕೋಟು ಕೂಡ ಬಿಚ್ಚದೆ, ಕಿರುಬೆರಳು ಹಾಕಿದ. ಲಕೋಟೆ ಅಂಟಿನ ಗೆರೆ ಬಿಟ್ಟು ಅಡ್ಡಡ್ಡ ಹರಿದುಹೋಯಿತು.

‘ಹುಲ್ಡಾ, ಇದು ಹನ್ನೊಂದನೇದು. ಫೋನಲ್ಲಿ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ ಅಂತ ಬರೆಯತೊಡಗಿದೆ, ಬರೆದದ್ದಕ್ಕೂ ನೀನು ಮಾತಾಡಲಿಲ್ಲ. ಹದಿನಾಲ್ಕನೇ ತಾರೀಖು ಬುಧವಾರ ನನ್ನ ಹೊಟ್ಟೆ ಕೊಯ್ಯುತ್ತಾರೆ. ಒಳಗೆ ಏನಿದೆಯೋ ತೆರೆದ ಮೇಲೇ ಗೊತ್ತಾಗೋದು ಅಂತಾರೆ. ಅಮ್ಮನ ಕೊನೇ ದಿನಗಳಲ್ಲಿ ನಾನು ಬರಲಿಲ್ಲ, ನೀನೊಬ್ಬಳೇ ಮಾಡಿದೆ. ಬರೋಕೆ ಆಗಲಿಲ್ಲ ಅಂತ ಇಷ್ಟು ವರ್ಷ ಹೇಳಿದೆ. ಆಗುತ್ತಿತ್ತು. ನನಗೆ ಹೆದರಿಕೆ ಇತ್ತು. ಬುಧವಾರಕ್ಕೆ ಮುಂಚೆ ಒಂದು ಸಲ ಫೋನ್ ಮಾಡು. ಮಾಡದಿದ್ದರೆ ಅದೇ ಉತ್ತರ ಅಂದುಕೊಳ್ಳುತ್ತೇನೆ. ಓಟೀಲಿಯ.’ ಕೆಳಗೆ ಫೋನ್ ನಂಬರು.

ಮಾರನೆಯ ದಿನವೇ ಕೊಟ್ಟಿದ್ದರೆ ಏಳು ದಿನ ಇತ್ತು. ಅಂಟು ಹಚ್ಚಿದ, ಕಲೆಯಾಯಿತು. ಗುರುವಾರ ಪಕ್ಕದ ಊರಿನ ಔಷಧಿ ಅಂಗಡಿಯಲ್ಲಿ ನೀಲಿ ಲಕೋಟೆಗಳನ್ನೂ ಓಟೀಲಿಯ ಬರೆಯುವಂಥದೇ ಹಸಿರು ಶಾಯಿಯ ಪೆನ್ನನ್ನೂ ಕೊಂಡಾಗ ಅಲ್ಲಿನ ಹೆಂಗಸು, “ಯಾರಿಗೋ ಚಂದದ ಕಾಗದ ಬರೀತೀರಿ ಅನ್ನಿ” ಎಂದಳು, ಅವನು ನಕ್ಕ. ಹೋದ ಬುಧವಾರ ಐವತ್ತೆಂಟು ಪೆಟ್ಟಿಗೆ ತೆರೆದು ಮುಚ್ಚುವಾಗಲೂ ಡುಲೂತ್‌ನಲ್ಲಿ ಯಾರೋ ಮುದುಕಿಯೊಬ್ಬಳ ಹೊಟ್ಟೆ ತೆರೆದು ಮುಚ್ಚುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು. ಹುಲ್ಡಾರ ಪೆಟ್ಟಿಗೆಯ ಮುಂದೆ ಆ ದಿನ ಕಾರು ನಿಲ್ಲಿಸಲೇ ಇಲ್ಲ. ಹಾಕಲು ಏನೂ ಇರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಈಗ ಸೋಮವಾರ, ಹತ್ತೊಂಬತ್ತು. ಹಳ್ಳ ದಾಟಿದ. ಹೊಲದಾಚೆ ಬೀಟ್‌ರೂಟ್ ತುಂಬಿದ ಲಾರಿಗಳು ಧೂಳೆಬ್ಬಿಸುತ್ತ ಹೋಗುತ್ತಿದ್ದವು. ಹುಲ್ಡಾ ಸ್ಟ್ರೋಬೆಲ್ ಪೆಟ್ಟಿಗೆಯ ಹತ್ತಿರವೇ, ಒಂದು ಕೈ ಬೇಲಿಯ ತಂತಿಯ ಮೇಲಿಟ್ಟು ನಿಂತಿದ್ದರು. ಗಂಡನ ಹಳೆಯ ಕೋಟು, ಅದರ ಮೇಲೆ ಏಪ್ರನ್.

“ಹತ್ತು ನಿಮಿಷ ಲೇಟು,” ಎಂದರು.

“ಲಾರಿಗಳು ಅಡ್ಡ ಬಂದ್ವು, ಮಿಸೆಸ್ ಸ್ಟ್ರೋಬೆಲ್.”

“ಏನಾದ್ರೂ ಇದ್ಯಾ?”

ಅವನು ನೀಲಿ ಲಕೋಟೆಯನ್ನು ಕಿಟಕಿಯಿಂದ ಚಾಚಿದ. ಮುದುಕಿ ಅದರ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದರು, ಮುಖದ ಹತ್ತಿರ ಕೂಡ ತರಲಿಲ್ಲ, ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. “ಥ್ಯಾಂಕ್ಸ್ ಕಣಪ್ಪಾ. ಇವತ್ತು ಗಾಳಿ ಜಾಸ್ತಿ” ಎಂದು ಬೇಲಿ ಹಿಡಿದು ಮನೆ ಕಡೆ ತಿರುಗಿದರು.

ಅಷ್ಟೆ. ಮುಗಿಯಿತು. ಮೇಲಿದ್ದ ಮೊಹರನ್ನು ನೋಡಲಿಲ್ಲ. ಮೊಹರು ಇರಲೇ ಇಲ್ಲ. ಹಳೆಯ ಲಕೋಟೆಯಿಂದ ಕಿತ್ತು ಅಂಟಿಸಿದ ಅಂಚೆಚೀಟಿಯ ಸುತ್ತ ಅರ್ಧ ಚಂದ್ರನಷ್ಟು ಕಪ್ಪು ಗೆರೆ ಮಾತ್ರ ಇತ್ತು. ಅವನ ಎದೆಯಿಂದ ಹದಿಮೂರು ದಿನದ ಕಲ್ಲು ಇಳಿಯಬೇಕಾಗಿತ್ತು. ಮುಂದಿನ ಪೆಟ್ಟಿಗೆ ಎರಡು ಮೈಲಿ. ಒಂದನೆಯ ಮೈಲಿಯಲ್ಲಿ ಅವನು ದೇವರಿಗೆ ವಂದನೆ ಹೇಳಲು ಹೊರಟು, ಯಾವುದಕ್ಕೆಂದು ಹೇಳಬೇಕೋ ತಿಳಿಯದೆ ನಿಲ್ಲಿಸಿದ. ಮುದುಕಿ ಈಗ ಒಡೆದಿರುತ್ತಾಳೆ. ಬುಧವಾರ ಎಂದು ಓದುತ್ತಾಳೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾಳೆ. ಕಾಗದ ತಡವಾಗಿ ಬಂತು ಅಂದುಕೊಳ್ಳುತ್ತಾಳೆ, ದೂರದ ಊರು, ಟಪಾಲು ಅಂದ ಮೇಲೆ ಹಾಗೇ. ಯಾರನ್ನೂ ದೂರುವುದಿಲ್ಲ. ಎರಡನೆಯ ಮೈಲಿಯ ತುದಿಯಲ್ಲಿ, ಹೆನ್ಸ್‌ಲಿಯವರ ಪೆಟ್ಟಿಗೆಗೆ ಬೀಜದ ಪಟ್ಟಿ ತುರುಕಿದ ಕೈ ಒಳಗೇ ಉಳಿಯಿತು. ತಾನು ಯಾರಿಗೂ ಸಿಕ್ಕಿಬೀಳುವುದಿಲ್ಲ, ಇನ್ನು ಮುಂದೆ ಯಾವತ್ತೂ ಸಿಕ್ಕಿಬೀಳಬೇಕಾಗಿಲ್ಲ, ಹಸಿರು ಪೆನ್ನು ಮನೆಯಲ್ಲೇ ಇದೆ. ಆ ಯೋಚನೆ ಎಷ್ಟು ಸಲೀಸಾಗಿ ಬಂದಿತೆಂದರೆ ಅವನಿಗೆ ಮೈ ತಣ್ಣಗಾಯಿತು. ಕಾರನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ಕಿರಿದಾದ ರಸ್ತೆಯಲ್ಲಿ ತಿರುಗಿಸಿದ. ಇಪ್ಪತ್ತಾರು ವರ್ಷದಲ್ಲಿ ಆ ದಾರಿಯಲ್ಲಿ ಅವನು ಕಾರು ಹಿಂದಿರುಗಿಸಿದ್ದು ಅದೇ ಮೊದಲು.

ಬಾಗಿಲು ತೆರೆದ ಹುಲ್ಡಾ ಅವನ ಭುಜದಾಚೆಗೆ ಎಲ್ಲೋ ನೋಡಿದರು. “ಯಾರು?”

“ವೆಂಡೆಲ್. ಟಪಾಲಿನ ವೆಂಡೆಲ್.”

“ಏನು ಮರೆತೆ?”

“ಆ ಕಾಗದ ಒಡೆದಿದೀರಾ?”

“ಯಾಕೆ?”

“ನಾನು ಒಡೆದೆ,” ಎಂದ. ತಯಾರು ಮಾಡಿಕೊಂಡಿದ್ದ ಮಾತುಗಳಾವುವೂ ಬರಲಿಲ್ಲ. “ಆರನೇ ತಾರೀಖೇ ಬಂದಿತ್ತು. ಮನೆಗೆ ತಗೊಂಡೋಗಿ ಓದಿದೆ. ಲಕೋಟೆ ಹರಿದೋಯ್ತು. ನಿಮ್ಮ ಜೇಬಲ್ಲಿರೋ ಲಕೋಟೆ ನಾನು ಬರೆದಿದ್ದು.”

ಹುಲ್ಡಾ ಜೇಬಿನಿಂದ ಅದನ್ನು ತೆಗೆದು, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಕೊನೆಯಿಂದ, ಕೋಳಿ ನೋಡುವ ಹಾಗೆ ನೋಡಿದರು. ಆಗ ವೆಂಡೆಲ್‌ಗೆ ತಿಳಿಯಿತು. ಬೇಲಿಯ ತಂತಿ, ಹೆಬ್ಬೆರಳು, ಎಲ್ಲವೂ ಒಟ್ಟಿಗೇ ತಿಳಿಯಿತು.

“ನಿಮಗೆ ಕಣ್ಣು—”

“ನಡುಮಧ್ಯ ಕಾಣಲ್ಲ. ಅಂಚಲ್ಲಿ ಸ್ವಲ್ಪ ಉಳಿದಿದೆ. ಒಂದೂವರೆ ವರ್ಷ ಆಯ್ತು.” ಅವರು ಲಕೋಟೆ ಇಳಿಸಿದರು. “ಮೊದ್ಲು ಸಿಟ್ಟಿಗೆ ಒಡೀಲಿಲ್ಲ. ಆಮೇಲೆ ಸಿಟ್ಟು ಇಳೀತು, ಅಷ್ಟ್ರಲ್ಲಿ ಕಣ್ಣು ಹೋಗಿತ್ತು. ಹತ್ತೂ ಹಾಗೇ ಇದಾವೆ ಒಳಗೆ.”

“ಯಾರ ಕೈಲಾದ್ರೂ ಓದಿಸಬಹುದಿತ್ತಲ್ಲಾ.”

“ಯಾರ ಕೈಲಿ? ನಿಮ್ಮ ಪಾದ್ರಿ ಹೆಂಡ್ತಿ ಕೈಲಾ? ಭಾನುವಾರದ ಹೊತ್ತಿಗೆ ನನ್ನ ಹೆಸರು ಹಿಡಿದು ಊರೆಲ್ಲಾ ಪ್ರಾರ್ಥನೆ ಮಾಡ್ತಿತ್ತು.” ಬಾಗಿಲು ಬಿಟ್ಟು ಸರಿದರು. “ಒಳಗೆ ಬಾ. ಗಾಳಿ ನುಗ್ತಿದೆ. ಓದಿದೀಯಲ್ಲ, ಹೇಳು. ಏನಂತೆ ಅವಳಿಗೆ?”

ಅಡುಗೆಮನೆಯಲ್ಲಿ ಸ್ಟೋವಿನ ಗುಂಡಿಗಳ ಮೇಲೆ, ತಡವಿ ಗುರುತಿಸಲೆಂದು, ಬಣ್ಣದ ನೂಲು ಸುತ್ತಿತ್ತು. ಅವನು ನಿಂತೇ ಹೇಳತೊಡಗಿದ. ಕಾಗದ ಬಿಚ್ಚುವ ಅಗತ್ಯವಿರಲಿಲ್ಲ. ಬೈಬಲಿನ ಯಾವ ವಾಕ್ಯವೂ ಆ ಕಾಗದದಷ್ಟು ಬೇಗ ಅವನಿಗೆ ಬಾಯಿಪಾಠವಾಗಿರಲಿಲ್ಲ. ‘ನನಗೆ ಹೆದರಿಕೆ ಇತ್ತು’ ಎನ್ನುವಲ್ಲಿ ಅವನ ದನಿ ಒಡೆಯಿತು, ಯಾರ ಹೆದರಿಕೆಯನ್ನು ಯಾರ ಬಾಯಿ ಹೇಳುತ್ತಿದೆಯೋ ಎಂದು ನಾಚಿಕೆಯಾಯಿತು. ‘ಬುಧವಾರಕ್ಕೆ ಮುಂಚೆ’ ಎನ್ನುವಲ್ಲಿ ಮುದುಕಿ ಕುರ್ಚಿ ತಡಕಿ ಕೂತರು.

“ಇವತ್ತೇನು?”

“ಸೋಮವಾರ. ಹತ್ತೊಂಬತ್ತು.”

ಹೊರಗೆ ಗಾಳಿ ಯಾವುದೋ ತಗಡನ್ನು ಬಡಿಯುತ್ತಿತ್ತು. ವೆಂಡೆಲ್ ತಡೆಯಲಾರದೆ, “ನಾನು ಮಾರನೇ ದಿನಾನೇ ಕೊಟ್ಟಿದ್ರೆ…” ಎಂದ.

“ಕೊಟ್ಟಿದ್ರೆ ಡ್ರಾಯರ್ ಸೇರ್ತಿತ್ತು. ಹನ್ನೊಂದನೇದಾಗಿ,” ಎಂದರು ಹುಲ್ಡಾ. “ಹಾಗಂತ ನೀನು ಸಮಾಧಾನ ಮಾಡ್ಕೋಬೇಡ. ನೀನು ಕದ್ದು ಓದಿದ್ದು ಅವಳಿಗೋಸ್ಕರ ಅಲ್ಲ, ನನಗೋಸ್ಕರಾನೂ ಅಲ್ಲ.”

“ಅಲ್ಲ,” ಎಂದ ವೆಂಡೆಲ್. “ಮನೇಲಿ ಯಾರೂ ಇಲ್ಲ. ಅದಕ್ಕೇ ಅಂತಾನೂ ಹೇಳೋಕಾಗಲ್ಲ. ಲವೋನ್ ಇದ್ದಾಗಲೂ ನಾನು ಹಾಗೇ.”

“ನನ್ನ ಹತ್ರ ಕ್ಷಮೆಗೆ ಕಾಯ್ಬೇಡ. ಆ ಕೆಲಸದಲ್ಲಿ ನಾನು ಬಲು ನಿಧಾನ, ನೀನೇ ಓದಿದೀಯಲ್ಲ.” ಅವರ ಬಾಯಿಯ ಒಂದು ಕೊನೆ ನಗುವಿಗೋ ಇನ್ನೊಂದಕ್ಕೋ ಅಲುಗಿತು. “ಪೋಸ್ಟ್‌ಮಾಸ್ಟರ್‌ಗೆ ಗೊತ್ತಾ?”

“ಸಂಜೆ ಹೇಳ್ತೀನಿ.”

“ಕೆಲಸ ಹೋಗುತ್ತೆ.”

“ಹೋಗುತ್ತೆ.”

“ನಂಬರ್ ಇದ್ಯಲ್ಲ ಅದ್ರಲ್ಲಿ. ತಿರುಗಿಸು.”

ಗೋಡೆಯ ಫೋನಿನಲ್ಲಿ ಅವನು ಡುಲೂತ್‌ನ ನಂಬರು ತಿರುಗಿಸಿದ. ಆರು ಸಲ ಗಂಟೆ ಹೊಡೆಯಿತು. ಒಂದೊಂದು ಸಲದ ನಡುವೆಯೂ ಬೈಬಲಿನಲ್ಲಿ ಕೊರಿಂಥದವರಿಗೆ ಬರೆದದ್ದು, ಶೋಧನೆಯ ಜೊತೆಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಇಡುತ್ತಾನೆಂಬ ಆ ಮಾತು, ಬಾಯಿಗೆ ಬರಲು ನೋಡಿತು, ಅವನು ಬರಗೊಡಲಿಲ್ಲ. ಎತ್ತಿದ್ದು ಒಬ್ಬ ನಡುವಯಸ್ಸಿನ ಗಂಡಸು. ಓಟೀಲಿಯ ಅವರ ಮಗ. ತಾನು ಯಾರೆಂದು ಹೇಳುವುದು ಹೇಗೆ ಎಂದು ತಿಳಿಯದೆ ವೆಂಡೆಲ್, ಹುಲ್ಡಾ ಸ್ಟ್ರೋಬೆಲ್ ಅವರ ಮನೆಯಿಂದ ಎಂದಷ್ಟೆ ಹೇಳಿದ. ಮಗ ಹೇಳಿದ: “ಇನ್ನೂ ಆಸ್ಪತ್ರೇಲೇ ಇದಾರೆ. ಒಳಗಿದ್ದಿದ್ದು ತೆಗೆದ್ರು, ಎಲ್ಲಾ ತೆಗೆಯೋಕಾಗಲಿಲ್ಲ. ಮಾತಾಡ್ತಾರೆ, ಸುಸ್ತು ಅಷ್ಟೇ. ಬುಧವಾರ ಬೆಳಿಗ್ಗೆ ಒಳಗೆ ಕರ್ಕೊಂಡು ಹೋಗೋವರೆಗೂ ಚಿಕ್ಕಮ್ಮ ಫೋನ್ ಮಾಡಿದ್ರಾ ಅಂತ ಕೇಳ್ತಾ ಇದ್ರು.” ಹಾಸಿಗೆಯ ಪಕ್ಕದ ಫೋನಿನ ನಂಬರು ಕೊಟ್ಟ.

ವೆಂಡೆಲ್ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹುಲ್ಡಾರಿಗೆ ಒಪ್ಪಿಸಿದ, ಬುಧವಾರ ಬೆಳಗಿನದನ್ನೂ. ಬಿಡಬಹುದಿತ್ತೇನೋ. ಬೇರೆಯವರ ಮಾತನ್ನು ಇನ್ನು ತಾನು ಇಟ್ಟುಕೊಳ್ಳಬಾರದು ಎಂದಷ್ಟೇ ತೋಚಿತು. ಮುದುಕಿ ಎದ್ದು ಬಂದು ಗೋಡೆಗೆ ಒರಗಿ ನಿಂತರು. ಅವನು ಎರಡನೆಯ ನಂಬರು ತಿರುಗಿಸಿ ರಿಸೀವರನ್ನು ಅವರ ಕೈಗೆ ಕೊಟ್ಟ. ಕೊಡುವ ಮುಂಚೆಯೇ ಅದರೊಳಗಿಂದ ಸಣ್ಣ, ಒಣಗಿದ ದನಿಯೊಂದು ಹಲೋ ಎಂದಿತ್ತು.

“ಓಟಿ,” ಎಂದರು ಹುಲ್ಡಾ. “ಇಡ್ಬೇಡ. ನಾನೂ ಇಡಲ್ಲ.” ಖಾಲಿ ಕೈಯನ್ನು ವೆಂಡೆಲ್ ಕಡೆಗೆ, ಅವನು ಇದ್ದಾನೆಂದುಕೊಂಡ ಕಡೆಗೆ, ಎರಡು ಸಲ ಬೀಸಿದರು. ಹೊರಗೆ ಹೋಗು.

ಹೊರಬಂದು ಮೆಟ್ಟಿಲ ಮೇಲೆ ನಿಂತ. ಹಿಂದೆ ಬಾಗಿಲು ಪೂರ್ತಿ ಕೂಡಿರಲಿಲ್ಲ. ಹೊರಬಾಗಿಲ ಜಾಲರಿಯ ಮೂಲಕ ಮುದುಕಿಯ ದನಿ ಸ್ಪಷ್ಟವಾಗಿ ಬರುತ್ತಿತ್ತು: “…ಅಮ್ಮ ಕೇಳಿದ್ಲು, ನಿನ್ನನ್ನೇ ಕೇಳಿದ್ಲು, ನಾನು ನಿನಗೆ ಹೇಳ್ಲಿಲ್ಲ…” ವೆಂಡೆಲ್‌ನ ವಾಲಿದ ಬೆನ್ನು ತಾನಾಗಿ ಆ ಕಡೆಗೆ ಇನ್ನಷ್ಟು ವಾಲಿತು. ಎಷ್ಟೋ ವರ್ಷದ ಕಥೆಯ ಇನ್ನರ್ಧ ಅಲ್ಲಿತ್ತು, ಒಂದು ಜಾಲರಿಯಾಚೆ. ಸುತ್ತ ಎರಡು ಮೈಲಿಯಲ್ಲಿ ನೋಡುವವರಿಲ್ಲ, ಒಳಗಿದ್ದವರಿಗೆ ಕಾಣುವುದಿಲ್ಲ. ಯಾವ ವಾಕ್ಯವೂ ಬರಲಿಲ್ಲ. ಬರಲೆಂದು ಕಾಯಲೂ ಇಲ್ಲ. ಮೆಟ್ಟಿಲಿಳಿದು ಕಾರಿನವರೆಗೆ ನಡೆದ. ಅಲ್ಲಿಗೂ ದನಿ ಕೇಳುತ್ತಿತ್ತು, ಮಾತಲ್ಲ, ಏರಿಳಿತ, ಅಳುವೋ ಜಗಳವೋ. ಕಾರಿನೊಳಗೆ ಕೂತು ಗಾಜು ಏರಿಸಬಹುದಿತ್ತು, ಆದರೆ ಕೈ ಅದನ್ನು ಮತ್ತೆ ಇಳಿಸದೆ ತಡೆದೀತು ಎಂಬ ನಂಬಿಕೆ ಇರಲಿಲ್ಲ. ಬೇಲಿ ದಾಟಿ ಕೊಯ್ದ ಗೋಧಿಯ ಹೊಲಕ್ಕಿಳಿದ. ಕೂಳೆ ಬೂಟಿಗೆ ಚುಚ್ಚುತ್ತಿತ್ತು. ಗಾಳಿ ಕಿವಿ ತುಂಬುವವರೆಗೆ, ದನಿ ಪೂರ್ತಿ ಅಳಿಸಿಹೋಗುವವರೆಗೆ ನಡೆದ. ಅಳಿಸಿದ ಮೇಲೂ ಇನ್ನೊಂದು ನೂರು ಹೆಜ್ಜೆ ನಡೆದ.

ನಿಂತು ತಿರುಗಿದಾಗ ಮನೆ ಚಿಕ್ಕದಾಗಿತ್ತು. ಎಷ್ಟು ಹೊತ್ತು ನಿಂತಿದ್ದನೋ. ಟ್ರೇಯಲ್ಲಿ ಇನ್ನೂ ಹದಿನೇಳು ಮನೆಯ ಟಪಾಲಿತ್ತು, ಜನ ಪೆಟ್ಟಿಗೆ ತೆರೆದು ಮುಚ್ಚುತ್ತಿರಬಹುದು. ಕೋಟಿನ ಕಾಲರು ಎತ್ತಿಕೊಂಡ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡ. ಕೊನೆಗೆ ಬಾಗಿಲು ತೆರೆಯಿತು. ಹುಲ್ಡಾ ಮೆಟ್ಟಿಲ ಮೇಲೆ ಬಂದು, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ಏನೋ ಕೂಗಿದರು. ಬಾಯಿ ಅಲುಗುವುದು ಕಾಣುತ್ತಿತ್ತು, ಒಂದು ಕೈ ಜಾಲರಿ ಬಾಗಿಲನ್ನು ಹಿಡಿದಿತ್ತು. ಗಾಳಿಯಲ್ಲಿ ಒಂದು ಅಕ್ಷರವೂ ಅವನನ್ನು ಮುಟ್ಟಲಿಲ್ಲ. ಕರೆಯುತ್ತಿದ್ದಾರೋ, ಹೋಗೆನ್ನುತ್ತಿದ್ದಾರೋ. ಇಲ್ಲಿದ್ದೇನೆ ಎಂದು ಕೈ ಎತ್ತಿದ. ಎತ್ತಿದ ಮೇಲೆ, ಅಷ್ಟು ದೂರದಿಂದ ಅವರಿಗೆ ಕಾಣಲಾರದು ಎಂದು ನೆನಪಾಗಿ ಕೈ ಇಳಿಸಿ, ಮನೆಯ ಕಡೆಗೆ ನಡೆಯತೊಡಗಿದ.